ಮೂರನೇ ಕೂಗು

ನಮ್ಮ ಮನಿ ಕಿಡಕ್ಯಾಗ ಒಂದು ತುಕ್ಕು ಹಿಡಿದ ಚಿಲಕ ಐತಿ. ಬಾಗಲಕ್ಕ ಹಾಕೂ ಸರಪಳಿ ಚಿಲಕ, ಮೂರ ಕೊಂಡಿ ಉಳದಾವ. ಚಿಮಣಿ ಎಣ್ಣಿ ಹಚ್ಚಿ ತಿಕ್ಕೇನಿ, ಎರಡು ದಿನ ಬಿಸಲಾಗ ಇಟ್ಟೇನಿ, ಆದ್ರೂ ಅದರ ವಾಸನಿ ಹೋಗವಲ್ಲದು. ಹಿನ್ನೀರು ಇಳಿದ ಮ್ಯಾಲ ಉಳಿಯೂ ರಾಡಿ ವಾಸನಿ ಅದು. ಹಸಿ ಮಣ್ಣು, ಸತ್ತ ಮೀನ, ಮತ್ತ ಯಾವುದೋ ಹಳೇ ಗ್ವಾಡಿಯ ಸುಣ್ಣ. ಗುಜರಿಯವ ಬಂದ್ರ ಇದನ್ನೂ ಹಾಕಿಬಿಡು ಅಂದ್ರು ನಮ್ಮ ಮನಿಯವರು. ಹಾಕೂದಿಲ್ಲ ಅಂದೆ. ಯಾಕ ಅಂತ ಅವರಿಗೆ ಹೇಳಿಲ್ಲ, ನಿಮಗ ಹೇಳತೇನಿ. ನೀವು ನಗಬಹುದು, ನಾನೂ ಒಮ್ಮೊಮ್ಮೆ ನಗತೇನಿ. ಮಧ್ಯಾಹ್ನ ಹನ್ನೆರಡರಿಂದ ಒಂದರ ತನಕ ಮಾತ್ರ ನಗೂದಿಲ್ಲ.

ಇಪ್ಪತ್ತೈದು ವರ್ಷದ ಹಿಂದ ನಾವು ಮೂವರು ಹುಡಿಗ್ಯಾರು ಹಳೇ ಬಾಗಲಕೋಟಿಯ ಹೊಳಿ ಕಡಿ ಓಣ್ಯಾಗ ಒಂದು ಖೋಲಿ ಬಾಡಗಿ ಹಿಡದು ಬಿ.ಎ. ಓದತಿದ್ವಿ. ಇಳಕಲ್ಲಿನ ನೀಲಾ, ಬಾದಾಮಿಯ ರೇಣುಕಾ, ಹುನಗುಂದದ ನಾನು. ಮೊದಲನೇ ವಾರ ಒಬ್ರ ಹೆಸರು ಒಬ್ರಿಗೆ ನೆನಪು ಉಳೀಲಿಲ್ಲ, ಊರ ಹೆಸರಿನಿಂದನ ಕರಕೊಂಡ್ವಿ, ಅದ ಕಾಯಂ ಆತು. ಏ ಇಳಕಲ್ಲ, ಉಪ್ಪಿನಕಾಯಿ ಈ ಕಡಿ ಕೊಡು. ಏ ಬಾದಾಮಿ, ನೀರು ತರೂ ಪಾಳಿ ಇವತ್ತ ನಿಂದು. ಇದರಾಗ ನನ್ನ ಪಾಡು ಭಾಳ ಕೆಟ್ಟಿತ್ತು. ಬಸ್ ಸ್ಟ್ಯಾಂಡಿನ್ಯಾಗ ಕಂಡಕ್ಟರು ಹುನಗುಂದ ಹುನಗುಂದ ಅಂತ ಒದರಿದಾಗೆಲ್ಲಾ ನಾ ಓ ಅಂತ ತಿರಗತಿದ್ದೆ, ಇವರಿಬ್ರು ಹೊಟ್ಟಿ ಹಿಡಕೊಂಡು ನಗತಿದ್ರು. ನನಗ ‘ಹುನಗುಂದಾ’ ಅಂತ ಕರಿಯೂ ಬಾಯಿ ಈ ಲೋಕದಾಗ ಎರಡ ಅದಾವ. ಇದನ್ನ ಸ್ವಲ್ಪ ನೆನಪಿಡ್ರಿ.

ನೀಲಾ ನೇಕಾರರ ಮನಿ ಹುಡಗಿ. ರಜಾ ಸಿಕ್ರ ಊರಿಗೆ ಓಡಿಹೋಗಿ ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು ಕುಂದರಾಕಿ, ತಿರುಗಿ ಬರೂದ್ರಾಗ ಅಕಿ ಬೆರಳಿಗೆಲ್ಲಾ ರೇಷ್ಮಿ ಬಣ್ಣ ಹತ್ತಿರತಿತ್ತು. ರೇಣುಕಾ ಬ್ಯಾರೆ ಥರ. ಸ್ವಲ್ಪ ಗೊಗ್ಗರು ದನಿ, ದೆವ್ವಕ್ಕೂ ಹೆದರೂದಿಲ್ಲ, ಮಾಸ್ತರಿಗೂ ಹೆದರೂದಿಲ್ಲ. ಸಾಲಿ ಟೀಚರ್ ಆಗಬೇಕು ಅನ್ನೂದು ಅಕಿ ಹಟ. ಕರಿಯೂದು ಅಂದ್ರ ಅಕಿದು ದೊಡ್ಡ ಕರೆ. ಕಡೀ ಅಕ್ಷರ ಎಳದು ಎಳದು ಗಾಳಿಗೆ ಬಿಡತಿದ್ಲು. ಹಿಂಗ್ಯಾಕ ಒದರತಿಯಬೇ, ಓಣಿ ಮಂದಿ ಏನಂದಾರು ಅಂದ್ರ, ನಮ್ಮೂರ ಹೊಂಡದ ದಂಡ್ಯಾಗ ನಿಂತು ಕರದ್ರ ಗುಡ್ಡ ತಿರುಗಿ ಕರೀತೈತಿ, ಈ ಬಾಗಲಕೋಟಿ ಮಂದಿಗೆ ಅಷ್ಟೂ ಬರೂದಿಲ್ಲ ಅಂತಿದ್ಲು.

ಮನಿ ಮಾಲಕಿ ಗಂಗಜ್ಜಿ. ಬಿಳೇ ಕೂದಲಾ, ಹಣಿತುಂಬ ವಿಭೂತಿ, ನಮ್ಮ ಮ್ಯಾಲ ತಾಯಿಗಿಂತ ಹೆಚ್ಚು ಜೀವ, ಪೊಲೀಸರಿಗಿಂತ ಹೆಚ್ಚು ಕಣ್ಣು. ಅಕಿದೊಂದು ಕಾನೂನಿತ್ತು. ಹೊತ್ತು ನೆತ್ತಿಮ್ಯಾಲ ಬಂದಾಗ ಬಾಗಲಾ ಹಾಕಬೇಕು, ಹೊರಗಿಂದ ಯಾರರೆ ಹೆಸರು ಹಿಡದು ಕರದ್ರ ಮೂರನೇ ಸಲದ ತನಕ ಓ ಅನಬಾರದು, ಚಿಲಕ ತೆಗೀಬಾರದು. “ಗಾಳಿ ಒಮ್ಮೆ ಕರೀತೈತಿ, ಭಾಳ ಆದ್ರ ಎರಡು ಸಲ. ಮೂರನೇದ್ದು ಅದರ ಕೈಲೆ ಆಗೂದಿಲ್ಲ” ಅಂತಿದ್ಲು. ರಾತ್ರಿದು ದೆವ್ವ ಎಲ್ಲಾ ಊರಾಗೂ ಇರತೈತಿ, ಹೊಳಿ ದಂಡಿಗೆ ಮಟಮಟ ಮಧ್ಯಾಹ್ನದ್ದ ಖರೇ ದೆವ್ವ ಅನ್ನೂದು ಅಕಿ ಮಾತು. ಬ್ಯಾಸಗಿ ಮಧ್ಯಾಹ್ನ ಬಾಗಲಕೋಟಿ ಓಣ್ಯಾಗ ನಿಂತು ನೋಡಿದವರಿಗೆ ಇದು ತೀರಾ ಸುಳ್ಳು ಅನಸೂದಿಲ್ಲ. ನಾಯಿ ಸೈತ ಉಸರಾಡದಂಗ ಬಿದ್ದಿರತಾವ, ನಿಮ್ಮ ನೆಳ್ಳು ನಿಮ್ಮ ಕಾಲಾಗ ಅಡಗಿರತೈತಿ.

ಬಿ.ಎ. ಓದೂ ಹುಡಿಗ್ಯಾರು, ನಕ್ವಿ. ಆದ್ರ ಅಜ್ಜಿ ಮಾತು ಅಂತ ಮೂರು ವರ್ಷ ಪಾಲಸಿದ್ವಿ, ಆಮ್ಯಾಲ ಅದು ಆಟ ಆತು. ಯಾರು ಹೊರಗಿಂದ ಬಂದ್ರೂ ಮೂರು ಸಲ ಕರೀಬೇಕು. ಒಳಗಿದ್ದಾಕಿ ಚಿಲಕ ಹಿಡಕೊಂಡು ಕಿಸಿಕಿಸಿ ನಗಕೋತ ಎಣಸಬೇಕು. ಈಗ ನಾ ಹುನಗುಂದದ ಕೋರ್ಟಿನ್ಯಾಗ ಕೆಲಸ ಮಾಡತೇನಿ. ಅಲ್ಲೂ ಬಾಗಲದಾಗ ನಿಂತು ಹೆಸರು ಮೂರು ಸಲ ಕೂಗತಾರ. ಬರಲಿಲ್ಲ ಅಂದ್ರ ಗೈರು ಅಂತ ಬರೀಬೇಕು, ಬರಿಯೂ ಕೈ ನಂದು. ಎರಡನೇ ಕೂಗಿಗೂ ಮೂರನೇ ಕೂಗಿಗೂ ನಡುವ ನನ್ನ ಪೆನ್ನು ನಿಂತಬಿಡತೈತಿ. ಮೇಡಂಗ ಕಿವಿ ಮಂದ ಅಂತ ಆಫೀಸಿನ್ಯಾಗ ಮಾತಾಡಕೋತಾರ. ಅನ್ನಲಿ ಬಿಡ್ರಿ.

ಕಡೇ ವರ್ಷದ ಪರೀಕ್ಷಾಕ್ಕ ಹದಿನೈದು ದಿನ ಇತ್ತು. ನೀಲಾ ಇಳಕಲ್ಲಿಗೆ ಹೋಗಿದ್ಲು. ರೇಣುಕಾನ್ನ ಅವರಪ್ಪ ಬಂದು, ಊರಾಗ ಅವರಜ್ಜಿಗೆ ಆರಾಮ ಇಲ್ಲ ಅಂತ ವಾರದ ಹಿಂದ ಊರಿಗೆ ಕರಕೊಂಡು ಹೋಗಿದ್ರು. ಅವತ್ತು ಗುರುವಾರ. ಗಂಗಜ್ಜಿ ನಡುಮನ್ಯಾಗ ಅಡ್ಡಾಗಿದ್ಲು, ನಾ ಖೋಲ್ಯಾಗ ಪುಸ್ತಕ ಎದಿಮ್ಯಾಲ ಇಟಗೊಂಡು ತೂಕಡಸಾಕಹತ್ತಿದ್ದೆ. ಬಾಗಲದ ಹೊರಗ ರೇಣುಕಾನ ದನಿ ಕೇಳಿತು. ಹುನಗುಂದಾ, ಅಂತ. ಅದ ಗೊಗ್ಗರು ದನಿ, ಅದ ಎಳಿಯೂ ರೀತಿ.

ಎದ್ದೆ. ಬಂದ್ಲಲ್ಲಾ ಅಂತ ಖುಷೀಲೆ ಓಡಿಹೋಗಿ ಚಿಲಕದ ಮ್ಯಾಲ ಕೈ ಇಟ್ಟೆ. ಆಟ ಆಟನ ಅಲ್ಲೇನ್ರಿ, ಕಾಯಿಸಬೇಕು ಅಂತ ಬಾಯಿ ಮುಚಗೊಂಡು ನಿಂತೆ. ಎರಡನೇ ಸಲ ಕರದ್ಲು. ಈ ಸಲ ದನಿ ಹಸಿ ಇತ್ತು, ಅಳೂ ಗಂಟಲದ್ದು. ನನ್ನ ನಗಿ ಅಲ್ಲೇ ನಿಂತತು. ಚಿಲಕ ಕೈಯಾಗ ಕಾದಿತ್ತು. ತೆಗೀಬೇಕು ಅನ್ನೂದ್ರಾಗ ಗಂಗಜ್ಜಿ ಮಾತು ನೆನಪಾತು. ಮೂರನೇದ್ದು ಬರಲಿ, ಬಂದಕೂಡಲೇ ತೆಗದಬಿಡತೇನಿ ಅಂತ ನಿಂತೆ. ಬರಲಿಲ್ಲ. ಎಷ್ಟೊತ್ತು ನಿಂತೆ ಗೊತ್ತಿಲ್ಲ. ಕಡೀಕ ತೆಗದು ನೋಡಿದ್ರ ಓಣಿ ಈ ತುದಿಯಿಂದ ಆ ತುದಿ ತನಕ ಖಾಲಿ. ಎದರಿನ ಕಟ್ಟಿಮ್ಯಾಲ ಒಂದು ಆಡು ನಿಂತು ನನ್ನನ್ನ ಅಲ್ಲ, ನನ್ನ ಬಾಜೂಕ ನೋಡಾಕಹತ್ತಿತ್ತು. ಯಾರು ಬಂದಿದ್ರು ಅಂತ ಅಜ್ಜಿ ಒಳಗಿಂದ ಕೇಳಿದ್ಲು. ಯಾರೂ ಇಲ್ಲ ಅಂದೆ.

ಭಾನುವಾರ ನೀಲಾ ಸುದ್ದಿ ತಂದ್ಲು. ರೇಣುಕಾನ ಅಜ್ಜಿ ಜಡ್ಡು ಬರೇ ನೆವ. ಗುರುವಾರ ಅರಿಷಿಣ ಹಚ್ಚಿ, ಶುಕ್ರವಾರ ಮಹಾಕೂಟದಾಗ ಅಕ್ಕಿಕಾಳು ಹಾಕಿ, ರೇಣುಕಾನ್ನ ಸೊಲ್ಲಾಪುರದ ಕಡಿ ಕೊಟ್ಟುಬಿಟ್ಟಿದ್ರು. ಪರೀಕ್ಷಾ ಬರೀತೇನಿ ಅಂತ ಅಕಿ ಕಾಲ ಹಿಡದು ಬೇಡಿಕೊಂಡ್ರೂ ಕೇಳಿರಲಿಲ್ಲ. ನನಗ ಆ ಗುರುವಾರದ ದನಿ ನೆನಪಾತು. ಅರಿಷಿಣದ ಮೈಲೆ ತಪ್ಪಿಸಿಕೊಂಡು ರೈಲು ಹತ್ತಿ ಬಂದಾಳ, ನಮ್ಮ ಬಾಗಲದಾಗ ನಿಂತು ಕರದಾಳ, ನಾ ತೆಗೀಲಿಲ್ಲ, ತಿರುಗಿ ಹೋಗಿ ತಾಳಿಗೆ ಕೊಳ್ಳು ಕೊಟ್ಟಾಳ. ಲೆಕ್ಕ ಸರಿಯಾಗಿ ಕೂಡಿತು. ಇದನ್ನ ನೀಲಾಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ನಾವಿಬ್ರು ಪಾಸಾದ್ವಿ. ಹೆಣಮಕ್ಕಳ ಗೆಳೆತನ ಮದುವಿ ಮಂಟಪದ ತನಕ ಅಂತಾರ, ನಮ್ಮದು ಹಂಗಾಗಲಿಲ್ಲ. ನನ್ನ ಬಾಣಂತನಕ್ಕ ನೀಲಾ ಹನ್ನೊಂದು ದಿನ ಬಂದು ಇದ್ಲು. ಅವರಪ್ಪ ತೀರಿಕೊಂಡಾಗ ನಾ ಅಕಿ ಜೋಡಿ ಸುಮ್ಮನಿದ್ದ ಮಗ್ಗದ ಮುಂದ ರಾತ್ರಿ ಹಗಲು ಕುಂತಿದ್ದೆ. ನಮ್ಮ ಓಣಿ ಮಾತ್ರ ಉಳೀಲಿಲ್ಲ. ಆಲಮಟ್ಟಿ ಹಿನ್ನೀರು ಬರತೈತಿ ಅಂತ ಮಂದಿ ನವನಗರಕ್ಕ ಹೋದ್ರು, ಬಾಗಲಾ, ತೊಲಿ, ಕಿಡಕಿ ಕಿತಗೊಂಡು ಹೋದ್ರು. ಗಂಗಜ್ಜಿ ಹೊಸಾ ಮನ್ಯಾಗ ಒಂದು ವರ್ಷ ಬದುಕಿದ್ಲು. ಹಳೇ ಮನಿಮ್ಯಾಲ ನೀರು ನಿಂತತು.

ಏಳು ವರ್ಷದ ಹಿಂದ ನೀಲಾ ಸೀರಿ ಕೊಡಾಕ ಬಾದಾಮಿಗೆ ಹೋದಾಕಿ ಒಂದು ಖಾನಾವಳ್ಯಾಗ ಊಟಕ್ಕ ಕುಂತಿದ್ಲಂತ. ಒಳಗಿಂದ ಯಾರೋ, ಏ ಇಳಕಲ್ಲ, ಇನ್ನೊಂದು ರೊಟ್ಟಿ ಹಾಕಲೇನ ಅಂದ್ರಂತ. ರೇಣುಕಾ. ಗಂಡ ತೀರಿಕೊಂಡ ಮ್ಯಾಲ ಊರಿಗೆ ಬಂದು ಖಾನಾವಳಿ ಹಾಕಿದ್ಲು. ಗಂಡ ಕೆಟ್ಟಾವಲ್ಲ, ಒಳ್ಳೇವ ಇದ್ದ, ಆದ್ರ ಟೀಚರ್ ಆಗಲಿಲ್ಲ ನೋಡು ಅಂದ್ಲಂತ. ಅವತ್ತಿನಿಂದ ಪ್ರತಿ ವರ್ಷ ಮೇ ತಿಂಗಳಾಗ, ನೀರು ಇಳಿದಾಗ, ಮೂವರೂ ಬುತ್ತಿ ಕಟಗೊಂಡು ನಮ್ಮ ಖೋಲಿಗೆ ಹೋಗತೇವಿ.

ಖೋಲಿ ಅಂದ್ರ ಏನ್ರಿ, ಮೊಣಕಾಲ ಮಟ್ಟದ ಗ್ವಾಡಿ ಉಳದೈತಿ, ಸುತ್ತ ಒಣಗಿ ಬಿರಕು ಬಿಟ್ಟ ರಾಡಿ, ಬೆಳ್ಳಗಾದ ಜಾಲಿ ಕಟಗಿ, ಕಾಲಾಗ ಚುರಕ್ಕನ ಮುರಿಯೂ ಸಿಂಪಿ ಚಿಪ್ಪು. ಮೊದಲನೇ ಸಲ ನಾ ಗ್ವಾಡಿ ದಾಟಿ ಒಳಗ ಕಾಲಿಟ್ಟೆ. ಕಳ್ಳರ ಗತೆ ಗ್ವಾಡಿ ಹಾರತಿಯೇನ, ಬಾಗಲಿಲ್ಲೇನ ಅಂತ ನೀಲಾ ಬೈದ್ಲು. ಅವತ್ತಿನಿಂದ ಎಲ್ಲಾರೂ ಸುತ್ತು ಹಾಕಿ, ಇಲ್ಲದ ಬಾಗಲದಿಂದನ ಒಳಗ ಬರತೇವಿ. ಇಲ್ಲದ ತೊಲಿ ಬಡದೀತು ಅಂತ ತಲಿ ಬಗ್ಗಸತೇವಿ. ಯಾರ ಜಾಗಾ ಎಲ್ಲಿ ಇತ್ತೋ ಅಲ್ಲೇ ಕುಂದರತೇವಿ. ರೇಣುಕಾ ಮಾತ್ರ ಹಂಗ ಬರತಿರಲಿಲ್ಲ. ಬಾಗಲಿದ್ದ ಜಾಗಾಕ್ಕ ಬಂದು ನಿಂತಬಿಡತಿದ್ಲು. ಮಾತಿಲ್ಲ, ಕಥಿಯಿಲ್ಲ, ನನ್ನ ಮಾರಿ ನೋಡಕೋತ. ನಾ ಬಾ ಅಂದಮ್ಯಾಲನ ಒಳಗ ಕಾಲಿಡೂದು. ಏಳು ವರ್ಷ, ಏಳು ಸಲ. ಅಕಿ ಹಂಗ ನಿಂತಾಗ ಆ ಉರಿ ಬಿಸಲಾಗ ನನ್ನ ಬೆನ್ನು ತಣ್ಣಗಾಗತಿತ್ತು. ಗೊತ್ತೈತಿ ಇಕಿಗೆ, ಬಾಯಿ ಬಿಟ್ಟು ಕೇಳವಲ್ಲಳು ಅಷ್ಟ ಅಂತ ತಿಳಕೊಂಡಿದ್ದೆ. ಕೇಳೂ ಧೈರ್ಯ ನನಗೂ ಇರಲಿಲ್ಲ. ಹೌದು ಅಂದ್ರ ಈ ಮೇ ತಿಂಗಳೂ ಹೋತು, ಗೆಳತಿಯೂ ಹೋದ್ಲು.

ಈ ವರ್ಷ ನೀರು ಭಾಳ ಕೆಳಗ ಹೋಗಿತ್ತು, ಹೊಸ್ತಿಲ ಕಲ್ಲು ಮೊದಲನೇ ಸಲ ಎದ್ದು ಕಂಡಿತು. ಅದರ ಮಗ್ಗಲಾಗ ರಾಡಿಯೊಳಗ ನೀಲಾನ ಕಾಲಿಗೆ ಈ ಚಿಲಕ ತಾಕಿತು. ಎತ್ತಿ ನನ್ನ ಕೈಯಾಗ ಇಟ್ಲು. ಹಸೀ ರಾಡಿಯಿಂದ ತೆಗದ ಕಬ್ಬಿಣ ತಣ್ಣಗ ಇರಬೇಕಲ್ಲ? ಕಾದಿತ್ತು. ಅವತ್ತಿನಂಗನ ಕಾದಿತ್ತು. ತಲಿ ಎತ್ತಿದ್ರ ಹೊಸ್ತಿಲ ಆಚೀಕ ರೇಣುಕಾ ನಿಂತಾಳ. ಹೊತ್ತು ನೆತ್ತಿಮ್ಯಾಲ. ನನ್ನ ಬಾಯಿಂದ ಬಾ ಅನ್ನೂದು ಬರಲಿಲ್ಲ, ಇಪ್ಪತ್ತೈದು ವರ್ಷದ್ದು ಬಂತು. “ಬಾದಾಮಿ, ಆ ಗುರುವಾರ ನೀ ಬಂದು ಕರದಾಗ ನಾ ಒಳಗ ಇದ್ದೆ. ಚಿಲಕದ ಮ್ಯಾಲ ಕೈ ಇತ್ತು. ತೆಗೀಲಿಲ್ಲ.”

ಅಕಿ ತಿಳೀದಂಗ ನೋಡಿದ್ಲು. “ನಾ ಎಲ್ಲಿ ಬಂದಿದ್ದೆಬೇ? ಮೈತುಂಬ ಅರಿಷಿಣ ಬಳದು ಕೂಡಿಸಿದ್ರು. ಊರ ದಾಟಿಲ್ಲ ನಾ.”

ನೀಲಾ ನಕ್ಕಬಿಟ್ಲು. ಗಂಗಜ್ಜಿ ಮಾತು ಖರೇ ಆತಲ್ಲಾ, ಗಾಳಿನ ಬಂದಿತ್ತು, ನೀ ಉಳಕೊಂಡಿ ಅಂದ್ಲು. ನನಗ ಒಂದು ಗಳಿಗಿ ತಲಿಮ್ಯಾಲಿನ ಮೂಟಿ ಇಳಿಸಿದಂಗಾತು. ರೇಣುಕಾ ನಗಲಿಲ್ಲ. ಹೊಸ್ತಿಲದ ಮ್ಯಾಲ ಕುಕ್ಕರಗಾಲಿಲೆ ಕುಂತು ಮೆಲ್ಲಕ ಕೇಳಿದ್ಲು.

“ನಾ ಎಷ್ಟು ಸಲ ಕರದೆ?”

“ಎರಡು.”

“ಹೌದು. ಎರಡ ಸಲ.”

ಆಮ್ಯಾಲ ಹೇಳಿದ್ಲು. ಅರಿಷಿಣ ತೊಳಕೊಂಡು ಬರತೇನಿ ಅಂತ ಅವತ್ತು ಮಧ್ಯಾಹ್ನ ಹೊಂಡಕ್ಕ ಹೋಗಿದ್ಲಂತ. ನೀರಿಗಿಳಿಯೂ ಕಲ್ಲಿನ ಪಾವಟಗಿಮ್ಯಾಲ ಯಾರೂ ಇರಲಿಲ್ಲ. ಕೆಂಪು ಗುಡ್ಡ ನೋಡಕೋತ ನಿಂತು, ನಮ್ಮ ಖೋಲಿ ನೆನಪಾಗಿ, ಬಾಗಲದ ಮುಂದ ನಿಂತಂಗನ ಗಂಟಲು ಹರಕೊಂಡು ಹುನಗುಂದಾ ಅಂತ ಕರದ್ಲಂತ. ಗುಡ್ಡ ಯಾವತ್ತೂ ತಿರುಗಿ ಕರಿಯೂದು, ಅವತ್ತು ಕರೀಲಿಲ್ಲಂತ. ದನಿ ಎಲ್ಲಿಗೋ ಹೋಗಿಬಿಟ್ಟಿತಂತ. ಇನ್ನೊಮ್ಮೆ ಕರದ್ಲಂತ, ಅದೂ ತಿರುಗಿ ಬರಲಿಲ್ಲ. ಮೂರನೇದ್ದು ಬಾಯಾಗ ಇತ್ತು, ಅಷ್ಟರಾಗ ಅವರತ್ತಿ ಬಂದು ರಟ್ಟಿ ಹಿಡದ್ಲು.

ನೀಲಾ ಬುತ್ತಿ ಗಂಟು ಬಿಚ್ಚಾಕಿ ಹಂಗ ಕುಂತ್ಲು. ನಾ ಅಳಾಕಹತ್ತಿದೆ. ಹತ್ತಿರ ಇದ್ದು ತೆಗೀಲಿಲ್ಲಲ್ಲಬೇ, ತೆಗದಿದ್ರ ಏನಾಗತಿತ್ತೋ ಅಂದೆ. ರೇಣುಕಾ ನನ್ನ ಗದ್ದ ಹಿಡದು ಎತ್ತಿದ್ಲು.

“ಹುಚ್ಚಿ. ನಾ ಕರದದ್ದು ಬರೇ ಕಲ್ಲಿಗೆ ಕೇಳಿತು ಅಂತ ಇಷ್ಟು ವರ್ಷ ತಿಳಕೊಂಡಿದ್ದೆ. ನಿನಗ ಕೇಳಿತ್ತಲ್ಲಾ. ಅಷ್ಟ ಸಾಕು ನನಗ.”

ಮತ್ತ ಪ್ರತಿ ವರ್ಷ ಬಾಗಲದಾಗ ಯಾಕ ನಿಂದರತಿ ಅಂತ ಕೇಳಿದೆ. ನೀ ಬಾ ಅಂತಿಯಲ್ಲ, ಅದನ್ನ ಕೇಳಾಕ ಅಂದ್ಲು. ಸೊಲ್ಲಾಪುರದಾಗ ಎಲ್ಲಾರೂ ಕೂಡು, ಏಳು, ಮಾಡು, ನೀಡು ಅಂದವರ, ಬಾ ಅಂದವರು ಕಡಿಮಿ ಅಂತ. ಬಾ ಅಂದೆ. ಹೊಸ್ತಿಲ ದಾಟಿ ಬಂದು ತನ್ನ ಜಾಗಾದಾಗ ಕುಂತ್ಲು. ರೊಟ್ಟಿ, ಪುಂಡಿಪಲ್ಲೆ ಉಂಡು ಎದ್ವಿ.

ಕತಿ ಅಲ್ಲಿಗೆ ಮುಗೀತು ಅಂತ ನಾನೂ ತಿಳಕೊಂಡಿದ್ದೆ. ನಿನ್ನೆ ಭಾನುವಾರ. ಮನಿಯವರು ಮಲಗಿದ್ರು, ನಾ ಇದ ಕಿಡಕಿ ಕಟ್ಟಿಗೆ ಕುಂತು ಅಕ್ಕಿ ಹಸನ ಮಾಡಾಕಹತ್ತಿದ್ದೆ. ಗಡಿಯಾರ ಹನ್ನೆರಡು ದಾಟಿತ್ತು. ನಮ್ಮ ಮನಿ ಬಸ್ ಸ್ಟ್ಯಾಂಡಿನಿಂದ ದೂರ, ಕಂಡಕ್ಟರನ ದನಿ ಇಲ್ಲಿ ತನಕ ಬರೂದಿಲ್ಲ. ಹುನಗುಂದಾ, ಅಂತ ಕರದ್ರು. ಒಮ್ಮೆ. ಬಾಗಲದ ಹೊರಗ. ಕಿಡಕ್ಯಾಗಿನ ಚಿಲಕ ತನ್ನಷ್ಟಕ್ಕ ಸಣ್ಣಗ ಕಿಣ್ ಅಂತು, ಅಥವಾ ನನಗ ಹಂಗನಿಸಿತು.

ಎಣಸಲಿಲ್ಲ. ಅಕ್ಕಿ ಮೊರ ಬದಿಗಿಟ್ಟು ಎದ್ದೆ, ಹೋಗಿ ಎರಡೂ ಕದ ತೆರದೆ. ಓಣಿ ಖಾಲಿ. ಬಿಸಲು ಒಂದ ಒಳಗ ಬಂತು. ಬಾಗಲಾ ಹಾಕದನ ಫೋನ್ ತಗೊಂಡು ಬಾದಾಮಿಗೆ ಹಚ್ಚಿದೆ. ಆ ಕಡಿಂದ ಗಾಳಿ ಸಪ್ಪಳ, ಕಲ್ಲಿಗೆ ಅರಬಿ ಒಗಿಯೂ ಸಪ್ಪಳ. ಹೊಂಡದ ಪಾವಟಗಿಮ್ಯಾಲ ಇದ್ಲು. ಅಕಿ ಮಾತಾಡೂಕಿಂತ ಮೊದಲ ನಾ ಓ ಅಂದೆ.

ಆ ಕಡಿ ಅರಬಿ ಒಗಿಯೂ ಸಪ್ಪಳ ನಿಂತತು.

“ಬಾಗಲಾ ತೆಗದ್ಯಾ?” ಅಂದ್ಲು.

“ತೆಗದೇನಿ, ಬಾ” ಅಂದೆ.