ಮೂವರು ಕೂಡಿಟ್ಟ ರಜೆ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಉಸಿರಮ್ಮ ಎನ್ನುತ್ತಿದ್ದರು. ನೆಲಮಾಳಿಗೆಯ ಎಕ್ಸ್-ರೇ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಈಗ ಬಿಡಿ" ಎನ್ನುವುದೇ ಅವಳ ಕೆಲಸವಾದ್ದರಿಂದ, ಯಾರೋ ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತ್ತು. ಕಿಟಕಿಯಿಲ್ಲದ ಆ ಕೋಣೆಗೆ ಕಾಲಿಟ್ಟಾಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ನಲವತ್ತು ಹತ್ತಿರ ಬರುವಷ್ಟರಲ್ಲಿ ರೋಗಿಗಳನ್ನು ಎತ್ತಿ, ಹೊರಳಿಸಿ, ಅವಳ ಭುಜ ಸೋತುಹೋಗಿತ್ತು. ಮನೆಗೆ ಬಂದರೆ ಮಾತು ಬೇಡ, ಬೆಳಕೂ ಬೇಡ. ಒಂದು ಮೂಲೆ ಸಿಕ್ಕರೆ ಸಾಕು.

ಒಂದು ದಿನ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು: ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಬೇಕು, ಅಷ್ಟಕ್ಕೆ ಬೇಕಾದ್ದನ್ನು ಈಗಿನಿಂದಲೇ ಕೂಡಿಡಬೇಕು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಯಾವುದನ್ನೂ ತಲೆಗೆ ಹಚ್ಚಿಕೊಳ್ಳದ ಮನುಷ್ಯ. ಇಂಜಿನ್ನನ್ನೂ ಆಗಾಗ ಆರಿಸಿ ತಣ್ಣಗೆ ಬಿಡಬೇಕಾಗುತ್ತದೆ, ಮಾಡೋಣ ಎಂದ. ಆಗ ಎರಡನೇ ಕ್ಲಾಸಿನಲ್ಲಿದ್ದ ಮಗಳು ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದಳು.

ಅಂದಿನಿಂದ ಮನೆಯ ಖರ್ಚಿಗೆ ಬಿಗಿ ಬಿತ್ತು. ಗಂಡ ಸಿಗರೇಟು ಬಿಟ್ಟ. ಅವಳು ಆಸ್ಪತ್ರೆಗೆ ನಡೆದೇ ಹೋಗತೊಡಗಿದಳು. ಮಗಳಿಗೆ ದೊಡ್ಡಮ್ಮನ ಮಗಳ ಹಳೇ ಬಟ್ಟೆ ಬರುತ್ತಿತ್ತು. ತೋಳು ಗಿಡ್ಡವಾದರೆ ಮಡಿಕೆ ಬಿಚ್ಚಿ ಉದ್ದ ಮಾಡುವುದು, ಉದ್ದವಾದರೆ ಮಡಿಕೆ ಹಾಕುವುದು. ಗೆಳತಿಯರೆಲ್ಲ ಈಜು ಕಲಿಯಲು ಸೇರಿದಾಗ ಮಗಳೂ ಕೇಳಿದಳು. "ಆಮೇಲೆ ನೋಡೋಣ ಪುಟ್ಟಿ" ಎಂದಳು ಅಮ್ಮ. ಶಾಲೆಯ ಪ್ರವಾಸಕ್ಕೂ ಅದೇ ಮಾತು, ಗೋಡೆಗೆ ಬಣ್ಣ ಹೊಡೆಸಲೂ ಅದೇ ಮಾತು. ಬರಬರುತ್ತಾ ಮಗಳು ಕೇಳುವುದನ್ನೇ ಬಿಟ್ಟಳು. ಉಸಿರಮ್ಮನಿಗೆ ಅದು ಹೆಮ್ಮೆಯ ಸಂಗತಿಯೇ ಆಗಿತ್ತು. ನಮ್ಮ ಹುಡುಗಿ ಬಂಗಾರ, ಇದು ಬೇಕು ಅದು ಬೇಕು ಅಂತ ಪಿಟ್ಟೆನ್ನುವುದಿಲ್ಲ ಎಂದು ನರ್ಸುಗಳ ಎದುರು ಹೇಳಿಕೊಂಡು ಬರುತ್ತಿದ್ದಳು.

ಮಗಳು ಹತ್ತನೇ ಕ್ಲಾಸಿಗೆ ಬಂದ ವರ್ಷ ಕೊನೆಗೂ ರಜೆ ಮಂಜೂರಾಯಿತು. ಮೊದಲ ಕೆಲವು ವಾರ ಉಸಿರಮ್ಮ ಮನಸಾರೆ ನಿದ್ದೆ ಮಾಡಿದಳು. ಬಾಲ್ಕನಿಯಲ್ಲಿ ಕೂತು ಬೀದಿಯಲ್ಲಿ ಹೋಗಿಬರುವವರನ್ನು ನೋಡಿದಳು. ಆಯಾಸ ಕಳೆದ ಮೇಲೆ ಮನೆ ಕಣ್ಣಿಗೆ ಬೀಳತೊಡಗಿತು, ಮನೆಯವರೂ ಕಣ್ಣಿಗೆ ಬಿದ್ದರು.

ಒಂದು ಮಧ್ಯಾಹ್ನ ಮಗಳು ಸ್ನಾನ ಮುಗಿಸಿ, ಕುರ್ಚಿಯ ಮೇಲೆ ಕಾಲು ಚಾಚಿ ಓದುತ್ತಿದ್ದಳು. ಸದಾ ಸಾಕ್ಸಿನೊಳಗಿರುತ್ತಿದ್ದ ಆ ಕಾಲನ್ನು ಉಸಿರಮ್ಮ ನೋಡಿ ಎಷ್ಟು ಕಾಲವಾಗಿತ್ತೋ. ಎರಡೂ ಹೆಬ್ಬೆರಳುಗಳು ಪಕ್ಕದ ಬೆರಳಿನ ಮೇಲೆ ವಾಲಿದ್ದವು. ಬುಡದಲ್ಲಿ ಗಂಟು ಕೆಂಪಗೆ ಉಬ್ಬಿತ್ತು. ಒಂದು ಉಗುರು ಕಪ್ಪಿಟ್ಟಿತ್ತು. ಬಾಗಿಲ ಬಳಿ ಇದ್ದ ಶೂ ತಂದು ಪಾದದ ಪಕ್ಕಕ್ಕಿಟ್ಟು ನೋಡಿದಳು. ಪಾದವೇ ಉದ್ದವಾಗಿತ್ತು.

"ಇದು ಕಚ್ತಾ ಇದೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತೇ ನಿಂಗೆ?"

ಮಗಳು ಪುಸ್ತಕದಿಂದ ಕಣ್ಣೆತ್ತದೆ, "ಹೇಳಿದ್ರೆ ಹೊಸದು ತರ್ತಿದ್ದೆ. ನಿನ್ನ ರಜೆ ಮುಂದಕ್ಕೆ ಹೋಗ್ತಿತ್ತು" ಎಂದಳು. ಆ ದನಿಯಲ್ಲಿ ದೂರೂ ಇರಲಿಲ್ಲ, ಮುನಿಸೂ ಇರಲಿಲ್ಲ. ಉಸಿರಮ್ಮ ಶೂವನ್ನು ಬಾಗಿಲ ಬಳಿಗೇ ವಾಪಸ್ಸಿಟ್ಟಳು. ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತಳು.

ಮರುದಿನ ಮಗಳನ್ನು ತನ್ನ ಆಸ್ಪತ್ರೆಗೇ ಕರೆದುಕೊಂಡು ಹೋದಳು. ಈ ಸಲ ಹೊರಗಿನ ಬೆಂಚಿನ ಮೇಲೆ, ಉಳಿದವರ ಜೊತೆ ಸಾಲಿನಲ್ಲಿ ಕೂತಳು. ಅವಳ ಜಾಗಕ್ಕೆ ಬಂದಿದ್ದ ಹೊಸಬಳು ಚಿತ್ರ ತೆಗೆದು, ಮೇಡಂ ನೋಡ್ತೀರಾ ಎಂದು ಒಳಗೆ ಕರೆದಳು. ಪರದೆಯ ಮೇಲೆ ಮೂಳೆ ಓರೆಯಾಗಿರುವುದು ಸ್ಪಷ್ಟವಾಗಿತ್ತು. ಊರವರ ಮೂಳೆಯೆಲ್ಲ ನೋಡಿದ ಕಣ್ಣಿಗೆ ಒಂದೇ ಸೂರಿನಡಿ ಓಡಾಡುವ ಈ ಕಾಲು ಕಾಣದೇ ಹೋಯಿತಲ್ಲ ಎಂದು ಅವಳಿಗೆ ತಲೆ ಎತ್ತಲಾಗಲಿಲ್ಲ. ಹುಟ್ಟಿನಿಂದಲೇ ಸ್ವಲ್ಪ ಇದ್ದಿರಬಹುದು, ಬಿಗಿ ಶೂನಿಂದ ಹೆಚ್ಚಾಗಿದೆ, ಅಗಲದ ಶೂ ಹಾಕಿ ದಿನಾ ವ್ಯಾಯಾಮ ಮಾಡಿಸಿ ಎಂದರು ಡಾಕ್ಟರು. ಪೂರ್ತಿ ನೆಟ್ಟಗಾಗುವುದಿಲ್ಲ, ನೋವು ಕಡಿಮೆಯಾಗುತ್ತದೆ ಎಂದೂ ಹೇಳಿದರು. ಅದರಲ್ಲಿ ಉಸಿರಮ್ಮನ ಮನಸ್ಸಿನಲ್ಲಿ ನಿಂತದ್ದು ಬಿಗಿ ಶೂನ ಮಾತೊಂದೇ.

ಅಂಗಡಿಯಲ್ಲಿ ಮಗಳು ಶೂವನ್ನು ಕೈಗೆತ್ತಿಕೊಂಡ ಕೂಡಲೇ ಅಡಿ ತಿರುಗಿಸಿ ಬೆಲೆ ನೋಡಿ ವಾಪಸ್ಸಿಡುತ್ತಿದ್ದಳು. ಅದನ್ನು ನೋಡುತ್ತ ನಿಲ್ಲುವುದು ಉಸಿರಮ್ಮನಿಗೆ ಎಕ್ಸ್-ರೇ ನೋಡಿದ್ದಕ್ಕಿಂತ ಕಷ್ಟವಾಯಿತು.

ಅವತ್ತು ಸಂಜೆ ಗಂಡ ಬಂದೊಡನೆ, ತಾನು ಸೋಮವಾರದಿಂದಲೇ ಕೆಲಸಕ್ಕೆ ಹೋಗುವುದಾಗಿ ಹೇಳಿದಳು. ಕೂಡಿಟ್ಟದ್ದರಲ್ಲಿ ಉಳಿದದ್ದೆಲ್ಲ ಮಗಳಿಗೇ ಖರ್ಚಾಗಲಿ, ತನಗೆ ಈ ರಜೆ ದಕ್ಕುವುದಿಲ್ಲ ಎಂದಳು. ಗಂಡ ಕೈಯ ಗ್ರೀಸ್ ಒರೆಸಿಕೊಳ್ಳುತ್ತ, ತಪ್ಪು ತನ್ನದೂ ಹೌದು, ತಾನೂ ಇದೇ ಮನೆಯಲ್ಲೇ ಇದ್ದೆನಲ್ಲ ಎಂದ. ಸಿಟ್ಟಿಗೆದ್ದವಳು ಮಗಳು. ಅವಳು ಅಮ್ಮನ ಎದುರು ಹಾಗೆ ದನಿ ಏರಿಸಿದ್ದು ಅದೇ ಮೊದಲು.

"ನೀನೊಬ್ಳೇ ಕೂಡಿಟ್ಟಿದ್ದಾ ಅಮ್ಮಾ? ನಾನೂ ಕೂಡಿಟ್ಟಿದೀನಿ, ಅಪ್ಪಾನೂ ಕೂಡಿಟ್ಟಿದಾರೆ. ಈಗ ನೀನು ವಾಪಸ್ ಹೋದ್ರೆ ಇಷ್ಟು ವರ್ಷ ನಾನು ಸುಮ್ನಿದ್ದಿದ್ದು ಯಾತಕ್ಕೆ?"

ಕ್ಷಮಿಸು ಎನ್ನಬೇಕೆಂದು ಉಸಿರಮ್ಮನ ನಾಲಿಗೆ ತುದಿಗೆ ಬಂದದ್ದು, ಮಗಳ ಮುಖ ನೋಡಿ ಅಲ್ಲೇ ನಿಂತಿತು. ಹೇಳಿಬಿಟ್ಟರೆ ಅವಳು ಪರವಾಗಿಲ್ಲ ಎಂದುಬಿಡುತ್ತಾಳೆ. ಅಲ್ಲಿಗೆ ಅಮ್ಮನ ತಪ್ಪನ್ನೂ ನುಂಗಿಕೊಳ್ಳುವುದು ಮಗಳ ಪಾಲಿಗೇ ಬರುತ್ತದೆ.

ರಜೆ ಮುಂದುವರಿಯಿತು. ಪ್ರತಿ ಬೆಳಗ್ಗೆ ಮಗಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಡಾಕ್ಟರು ತೋರಿಸಿದಂತೆ ಹೆಬ್ಬೆರಳನ್ನು ಮೆಲ್ಲಗೆ ಹೊರಗೆ ಎಳೆದು ಹಿಡಿಯುವುದು ಉಸಿರಮ್ಮನ ಕೆಲಸವಾಯಿತು. ಮೊದಮೊದಲು ಇಬ್ಬರಿಗೂ ಸಂಕೋಚ. ಆಮೇಲಾಮೇಲೆ ಮಗಳು ಹಾಗೇ ಒರಗಿ ಕೂತು ಮಾತಾಡತೊಡಗಿದಳು: ಗಣಿತದ ಮೇಷ್ಟ್ರ ಗೊರಕೆಯಂಥ ಕೆಮ್ಮು, ಮಾತು ಬಿಟ್ಟ ಗೆಳತಿ, ಪ್ರವಾಸದ ದಿನ ಖಾಲಿ ಶಾಲೆಯ ಲೈಬ್ರರಿಯಲ್ಲಿ ಒಬ್ಬಳೇ ಕೂತಿದ್ದು. ಆ ಕೊನೆಯದನ್ನು ನಗುನಗುತ್ತಲೇ ಹೇಳಿದಳು. ಉಸಿರಮ್ಮನೂ ನಕ್ಕಳು. ಆ ದಿನ ಹೆಬ್ಬೆರಳನ್ನು ಎಂದಿಗಿಂತ ಹೆಚ್ಚು ಹೊತ್ತು ಹಿಡಿದಿದ್ದಳು.

ವರ್ಷ ಮುಗಿದು ಡ್ಯೂಟಿಗೆ ಹೊರಟ ಬೆಳಗ್ಗೆ ಅವಳು ಎಂದಿನಂತೆ ನೆಲದ ಮೇಲೆ ಕೂತಳು. "ನಾನೇ ಮಾಡ್ಕೋತೀನಿ, ನೀನು ಹೊರಡು, ತಡ ಆಗುತ್ತೆ" ಎಂದು ಮಗಳು ಕಾಲು ಎಳೆದುಕೊಂಡಳು. ಆದರೂ ಉಸಿರಮ್ಮ ಏಳಲಿಲ್ಲ. ಚೀಲವನ್ನು ಪಕ್ಕಕ್ಕಿಟ್ಟು, ಒಂದು ಕಾಲನ್ನಾದರೂ ಕೊಡು ಎಂದು ಕೈ ಚಾಚಿದಳು.