ಸ್ಯಾಕ್ಸೊಫೋನಿನ ಜೊತೆ ಜೋಗ್

ಮದುವೆಯಾಗಿ ಧಾರವಾಡದಿಂದ ವಿಲೆ ಪಾರ್ಲೆಗೆ ಬಂದಾಗ ಚಾಳಿನ ಆ ಒಂದೇ ಖೋಲಿಯಲ್ಲಿ ನನ್ನ ತಂಬೂರಿ ಇಡಲು ಜಾಗವಿರಲಿಲ್ಲ. ಅತ್ತೆಯೇ ತಮ್ಮ ಹಾಸಿಗೆ ಸರಿಸಿ ಮೂಲೆ ಬಿಟ್ಟುಕೊಟ್ಟರು. ನನ್ನ ಗುರುಗಳು ನಮ್ಮ ಕಡೆಯವರೇ, ಆಗ ಗಿರಗಾಂವಿನಲ್ಲಿದ್ದರು. ವಾರಕ್ಕೊಮ್ಮೆ ಲೋಕಲ್ ಹಿಡಿದು ಪಾಠಕ್ಕೆ ಹೋಗುತ್ತಿದ್ದೆ. ಉಳಿದ ದಿನ, ಮನೆಯವರು ಆಫೀಸಿಗೆ ಹೊರಟ ಮೇಲೆ ಅಭ್ಯಾಸ.

ಗೋಡೆಯಾಚೆ ಗೋವಾದ ಒಬ್ಬ ಕ್ರಿಶ್ಚಿಯನ್ ವಾದ್ಯಗಾರರಿದ್ದರು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಫೋರ್ಟಿನ ಹೋಟೆಲೊಂದರ ಜಾಝ್ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದರು. ದಾರೂಬಂದಿ ಬಂದು ಮದ್ಯ ನಿಂತ ಮೇಲೆ ಅಲ್ಲಿಗೆ ಜನ ಕಡಿಮೆಯಾಗಿ, ಅವರು ಹೆಚ್ಚಿನ ದಿನ ಮನೆಯಲ್ಲೇ ಇರುತ್ತಿದ್ದರು. ಚಾಳಿನವರೆಲ್ಲ ಮಾಸ್ತರ್ ಎನ್ನುತ್ತಿದ್ದರು.

ಆ ವರ್ಷ ಗುರುಗಳು ನನಗೆ ಜೋಗ್ ಹೇಳಿಕೊಡುತ್ತಿದ್ದರು. ರಾತ್ರಿಯ ರಾಗ, ಆದರೆ ನನಗೆ ಸಿಗುತ್ತಿದ್ದದ್ದು ಹಗಲೇ. ಅದರಲ್ಲಿ ಗಾಂಧಾರ ಎರಡು ಬಗೆ. ಏರುವಾಗ ಒಂದು, ಇಳಿಯುವಾಗ ಇನ್ನೊಂದು. ಒಂದು ಬೆಳಿಗ್ಗೆ ನಾನು ಇಳಿದು ಷಡ್ಜಕ್ಕೆ ಬರುವಷ್ಟರಲ್ಲಿ ಗೋಡೆಯಾಚೆಯಿಂದ ಸ್ಯಾಕ್ಸೊಫೋನ್ ಕೂಡ ಅದೇ ದಾರಿಯಲ್ಲಿ ಇಳಿಯಿತು. ನಾನು ನಿಲ್ಲಿಸಿದೆ, ಅದೂ ನಿಂತಿತು. ಮಾಸ್ತರ್ ಬಾಗಿಲಿಗೆ ಬಂದು, ತಪ್ಪು ತಿಳಿಯಬೇಡಿ ಎಂದರು. ತಮ್ಮ ಸಂಗೀತದಲ್ಲೂ ದುಃಖವನ್ನು ಈ ಎರಡು ಸ್ವರಗಳ ನಡುವೆಯೇ ನುಡಿಸುತ್ತಾರೆ ಎಂದು ಕೊಂಕಣಿ ಬೆರೆತ ಮರಾಠಿಯಲ್ಲಿ ಹೇಳಿದರು. ಅತ್ತೆ ಅವರಿಗೆ ಚಹಾ ಕೊಟ್ಟರು.

ಮಾಸ್ತರರೂ ನಾನೂ ಸೇರಿ ಹೊಸದೊಂದು ಕೃತಿ ಕಟ್ಟುವ ಆಸೆ ಹಾಗೆ ಹುಟ್ಟಿತು. ಅತ್ತೆ ಅಕ್ಕಿ ಆರಿಸುತ್ತ ಕೂತಿರುತ್ತಿದ್ದರು, ನಾವು ಹಾಡಿ ನುಡಿಸಿ ಜಗಳಾಡುತ್ತಿದ್ದೆವು. ಮಾಸ್ತರರದು ಕಾಲಿನಿಂದ ತಾಳ ಹಾಕಿ, ಗೊತ್ತಾದ ಜಾಗದಲ್ಲಿ ತಿರುಗುವ ರೂಢಿ. ನಾನೋ, ಒಂದು ಸ್ವರದ ಮೇಲೆ ಕೂತರೆ ಏಳುವವಳಲ್ಲ. ಬರಬರುತ್ತ ಅವರು ಕಾಯುವುದನ್ನು ಕಲಿತರು, ನಾನು ಏಳುವುದನ್ನು. ಅವರು ಆಗಾಗ ಕೆಮ್ಮುತ್ತಿದ್ದರು. ಸಿಗರೇಟಿನ ಕೆಮ್ಮೆಂದು ಎಲ್ಲರೂ ತಿಳಿದಿದ್ದೆವು.

ಚಳಿಗಾಲದಲ್ಲಿ ಪಾರ್ಲೆಯ ಒಂದು ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮವಾಯಿತು. ಮಾಸ್ತರರ ಬ್ಯಾಂಡಿನಿಂದ ಡ್ರಮ್ಸ್ ಬಾರಿಸುವವರೊಬ್ಬರು ಬಂದಿದ್ದರು. ಗುರುಗಳು ಮುಂದಿನ ಸಾಲಿನಲ್ಲೇ ಕೂತಿದ್ದರು. ಕೃತಿಯ ನಡುವೆ, ಸ್ಯಾಕ್ಸೊಫೋನ್ ನನ್ನಿಂದ ಸ್ವರ ಎತ್ತಿಕೊಳ್ಳಬೇಕಾದಲ್ಲಿ ಮಾಸ್ತರ್ ಎತ್ತಿಕೊಳ್ಳಲಿಲ್ಲ. ಜನರಿಗೆ ಬೆನ್ನು ಮಾಡಿ, ಬಾಯಿಗೆ ಬಟ್ಟೆ ಹಿಡಿದು ನಿಂತಿದ್ದರು. ಬಟ್ಟೆಗೆ ಹತ್ತಿದ ಕೆಂಪು ನನಗೆ ಕಂಡಿತು. ಏನು ಮಾಡಬೇಕೋ ತಿಳಿಯದೆ ಆ ಸ್ವರವನ್ನೇ ಹಿಡಿದು ಹಾಡುತ್ತ ಹೋದೆ. ಡ್ರಮ್ಸಿನವರು ಕೈ ಹಗುರ ಮಾಡಿ ನನ್ನ ಹಿಂದೆ ಬಂದರು. ಜನ ಅದನ್ನೂ ಕೃತಿಯ ಭಾಗವೆಂದುಕೊಂಡರು. ಅಂದು ಜೋರಾಗಿ ಚಪ್ಪಾಳೆ ಬಿದ್ದದ್ದು ಅಲ್ಲಿಯೇ. ಮಾಸ್ತರ್ ತಿರುಗಿ ಬಂದು ಕೊನೆಯವರೆಗೆ ನುಡಿಸಿದರು.

ಮುಂದಿನ ಪಾಠಕ್ಕೆ ಹೋದಾಗ ಗುರುಗಳು ತಂಬೂರಿಯ ಗವಸು ಬಿಚ್ಚಲಿಲ್ಲ.

"ನೀ ತಪ್ಪು ಹಾಡಲಿಲ್ಲವ್ವಾ. ತಪ್ಪು ಹಾಡಿದ್ರ ತಿದ್ದತಿದ್ದೆ. ಕೇಳ್ತ ಕೇಳ್ತ, ನಾ ತಿದ್ದಲಾರದ ಕಡೆ ನೀ ಹೊಂಟಿ ಅಂತ ನನಗ ಹೆದರಿಕಿ ಆತು. ಇನ್ನ ಪಾಠಕ್ಕ ಬರಬ್ಯಾಡ," ಎಂದರು.

ಕಾಲಿಗೆ ನಮಸ್ಕಾರ ಮಾಡಿ ಹೊರಟುಬಂದೆ. ಲೋಕಲ್‌ನಲ್ಲಿ ಕೂರಲು ಜಾಗವಿದ್ದರೂ ಪಾರ್ಲೆಯವರೆಗೆ ನಿಂತೇ ಇದ್ದೆ.

ಅಷ್ಟರಲ್ಲಿ ಮಾಸ್ತರರನ್ನು ಶಿವಡಿಯ ಕ್ಷಯದ ಆಸ್ಪತ್ರೆಗೆ ಸೇರಿಸಿದ್ದರು. ಮನೆಯವರ ಜೊತೆ ನೋಡಲು ಹೋದೆ. ಇನ್ನು ಊದಕೂಡದೆಂದು ಡಾಕ್ಟರು ಮಳೆಗಾಲದಲ್ಲೇ ಹೇಳಿದ್ದರಂತೆ. ನಮಗೇಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ದರೆ ನೀವು ಹಾಡುತ್ತಿದ್ದಿರಾ, ಬಾಯಿಯವರೇ?" ಎಂದರು.

ಮಾಸ್ತರರೇ ಮುಂದುವರಿದು, ಗುರುಗಳು ಏನೆಂದರು ಎಂದು ವಿಚಾರಿಸಿದರು. ಪಾಠ ನಿಂತದ್ದನ್ನೂ, ಹೆದರಿಕೆಯ ಮಾತನ್ನೂ ಇದ್ದಂತೆಯೇ ಹೇಳಿದೆ. ಅವರ ಮುಖ ಅರಳಿತು.

"ಹೆದರಿದರೇ? ಹಾಗಾದರೆ ಚೆನ್ನಾಗಿಯೇ ಆಗಿರಬೇಕು."

ನಗಲು ಹೋಗಿ ಕೆಮ್ಮು ಹತ್ತಿತು. ನರ್ಸ್ ಬಂದು ನಮ್ಮನ್ನು ಹೊರಗೆ ಕಳಿಸಿದಳು. ಮತ್ತೆ ಅವರನ್ನು ನೋಡುವುದಾಗಲಿಲ್ಲ. ಹೋಳಿಗಿಂತ ಮುಂಚೆಯೇ ಹೋಗಿಬಿಟ್ಟರು. ಗೋವಾದಿಂದ ಅವರ ತಮ್ಮ ಬಂದು ಸ್ಯಾಕ್ಸೊಫೋನ್ ಒಯ್ದ. ಅವನಿಗೆ ನುಡಿಸಲು ಬರುತ್ತಿರಲಿಲ್ಲ.

ಬೇರೆ ಗುರುಗಳ ಬಳಿ ಹೋಗೆಂದು ಮನೆಯವರು ಎರಡು ಮೂರು ಸಲ ಹೇಳಿದರು. ನನಗೆ ಮನಸ್ಸಾಗಲಿಲ್ಲ. ಸುತ್ತಲಿನ ಕನ್ನಡ ಮನೆಗಳ ಹುಡುಗಿಯರಿಗೆ ದೇವರನಾಮ ಹೇಳಿಕೊಡುತ್ತ ವರ್ಷಗಳು ಕಳೆದವು. ನಮ್ಮ ಕೃತಿಯನ್ನು ಯಾರೂ ರೆಕಾರ್ಡ್ ಮಾಡಿರಲಿಲ್ಲ. ಅದರಲ್ಲಿ ನನ್ನ ಪಾಲಿನ ಅರ್ಧ ಭಾಗ ನನಗೆ ಇಂದಿಗೂ ಬರುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಹಾಡಿ ನೋಡಿದ್ದೇನೆ. ನಡುನಡುವೆ ಬಹಳ ಹೊತ್ತು ಸುಮ್ಮನೆ ಕೂರಬೇಕಾಗುತ್ತದೆ.