ಕುರ್ಚಿಯ ಮೇಲೆ ಬಿಟ್ಟ ಪಿಟೀಲು

ಈಸ್ಟರ್ ಭಾನುವಾರದ ಸಂಜೆ ಸೊಲ್ಲಾಪುರದ ಚರ್ಚಿನ ಸಭಾಂಗಣಕ್ಕೆ ನಾವು ಹೋಗಿದ್ದು ಹೆಸರಿಗೆ ಸಂಗೀತ ಕೇಳಲು. ಅಲ್ಲಿಯ ವಾದ್ಯವೃಂದದಲ್ಲಿ ನನ್ನ ಮಗಳು ಮೊದಲ ಸಲ ಪಿಟೀಲು ನುಡಿಸುವವಳಿದ್ದಳು. ಕುಂಭಾರಿಯಿಂದ ಬಂದ ಮಾವನವರು ಚಹಾ ಕುಡಿಯುತ್ತಲೇ ಹೇಳಿದ್ದರು: "ಒಮ್ಮೆ ಕಣ್ಣಾರೆ ನೋಡ್ತೀನಿ. ಮನಸ್ಸಿಗಿ ಬರಲಿಲ್ಲಂದ್ರ ಕ್ಲಾಸ್ ಬಂದ್." ನನ್ನ ಗಂಡ ಅಪ್ಪನೆದುರು ತುಟಿ ಬಿಚ್ಚುವ ಪೈಕಿ ಅಲ್ಲ.

ಮಾವನವರೂ ಸಂಗೀತದವರೇ. ನಮ್ಮೂರ ಸಪ್ತಾಹದಲ್ಲಿ ಏಳು ದಿನ ಭಜನೆ ನಿಲ್ಲುವುದಿಲ್ಲ, ತಂಬೂರಿಯಂಥ ವೀಣೆ ನೆಲ ಮುಟ್ಟುವುದಿಲ್ಲ. ದಣಿದವರು ಅದನ್ನು ಇನ್ನೊಬ್ಬರ ಹೆಗಲಿಗೆ ಕೊಡಬೇಕು. ಕೊಟ್ಟವರು, ಪಡೆದವರು ಒಬ್ಬರಿಗೊಬ್ಬರು ಕಾಲು ಮುಟ್ಟಿ ನಮಸ್ಕರಿಸಬೇಕು. ವಯಸ್ಸು ನೋಡುವಂತಿಲ್ಲ. ಆದರೆ ಆ ವೀಣೆ ನಮ್ಮಂಥ ಹೆಂಗಸರ ಕೈಗೆ ಎಂದೂ ಬಂದದ್ದಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಚಪ್ಪಲಿ ಹೊರಗೆ ಬಿಟ್ಟು ಬಂದವರು ಮಾವನವರೊಬ್ಬರೇ. ಯೇಸು ಮತ್ತೆ ಎದ್ದು ಬಂದ ಸಂತೋಷದ ಸಂಗೀತವೆಂದು ವೇದಿಕೆಯಿಂದ ಸಾರಿದರು. ಶುರುವಿಗೆ ನನಗೆ ಯಾರೋ ಅತ್ತಂತೆಯೇ ಕೇಳಿಸಿತು. ಮಾವನವರು ಕಣ್ಣು ಮುಚ್ಚಿ ಕೂತಿದ್ದರು. ಭಕ್ತಿಯೋ ನಿದ್ದೆಯೋ ತಿಳಿಯಲಿಲ್ಲ.

"ಇದು ದೇವರದಽ ಏನವಾ?" ಎಂದು ಮೆಲ್ಲಗೆ ಕೇಳಿದರು.

"ಹೌದ್ರಿ ಮಾವಾರ."

"ಮತ್ತ ತಾಳ ಯಾಕಿಲ್ಲ?"

ಮಧ್ಯಂತರದಲ್ಲಿ ವಾದಕರೆಲ್ಲ ವಾದ್ಯಗಳನ್ನು ಕುರ್ಚಿಯ ಮೇಲಿಟ್ಟು ಶರಬತ್ತಿಗೆ ಹೋದರು. ನನ್ನ ಮಗಳೂ ಹೋದಳು. ಮಾವನವರು ದಡಕ್ಕನೆ ಎದ್ದು, ಬರಿಗಾಲಲ್ಲಿ ವೇದಿಕೆ ಹತ್ತಿ, ಅವಳ ಪಿಟೀಲನ್ನು ಎತ್ತಿ ಎದೆಗವಚಿಕೊಂಡು ನಿಂತುಬಿಟ್ಟರು. ಜನ ನೋಡತೊಡಗಿದರು. ಒಬ್ಬ ಮೊಬೈಲು ತೆಗೆದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಪಿಟೀಲಿನ ಮೇಷ್ಟ್ರು ಓಡಿ ಬಂದು, ಕೆಳಗಿಡಿ ಅಜ್ಜಾ ಎಂದು ಮರಾಠಿಯಲ್ಲಿ ಬೇಡಿಕೊಂಡರು.

"ಕಾರ್ಯಕ್ರಮ ಇನ್ನೂ ಮುಗದಿಲ್ಲಲ್ರಿ ಸರ್, ಹ್ಯಾಂಗ ಇಡೂದು?" ಎಂದರು ಮಾವನವರು.

ಅಷ್ಟರಲ್ಲಿ ಮಗಳು ಬಂದಳು. ಅವಳ ಮುಖ ಬಿಳಿಚಿತ್ತು. "ಸಿಟ್ಟಾದ್ಯಾ ಮುತ್ಯಾ?" ಎಂದು ಅಜ್ಜನನ್ನು ಕೇಳಿದಳು. ಇನ್ನು ಮುಗಿಯಿತು, ಕ್ಲಾಸು ಬಂದ್ ಆಯಿತು ಎಂದೇ ನಾನು ತಿಳಿದೆ. ಮಾವನವರು ಪಿಟೀಲನ್ನು ಅವಳ ಕೈಗಿತ್ತರು. ಆಮೇಲೆ, ಮಂಡಿನೋವೆಂದು ಮನೆಯಲ್ಲಿ ನೆಲದ ಮೇಲೆ ಕೂರದ ಆ ಮನುಷ್ಯ, ಬಗ್ಗಿ ಅವಳ ಕಾಲು ಮುಟ್ಟಿದರು.

"ಮುತ್ಯಾ, ಬ್ಯಾಡ!" ಎಂದು ಅವಳು ಹಿಂದೆ ಸರಿದಳು.

"ಸುಮ್ಮ ನಿಂದ್ರು. ವಾದ್ಯ ಹಿಡದವರು ಹಿಂದ ಸರೀಬಾರದು."

ಅವಳೂ ಬಗ್ಗಿ ಅವರ ಪಾದ ಮುಟ್ಟಿದಳು. ಎರಡನೆಯ ಭಾಗದಲ್ಲಿ ಏನು ನುಡಿಸಿದರೋ ನನಗೆ ನೆನಪಿಲ್ಲ, ಅಷ್ಟು ಅತ್ತೆ.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ ಮಾವನವರು ಮೊಮ್ಮಗಳನ್ನು ಗದರಿದರು: "ಮುಂದಿನ ವರ್ಷ ನಡುವ ನೀರಡಿಸಿದ್ರ ನನಗ ಕರಿ. ನಾ ಹಿಡಕೊಂಡು ನಿಂದರ್ತೀನಿ."